ಏಳು ದಿನದ ಸಾಲ

ಮೊಬೈಲ್ ಸಾಲದ ಆ್ಯಪ್‌ಗಳ ವಂಚನೆ ಭಾರತದಲ್ಲಿ ಹಬ್ಬಿದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ದುಡಿಮೆ ನಿಂತಿತ್ತು, ಬಾಡಿಗೆ, ಚೀಟಿ, ಸಂಘದ ಕಂತು ನಿಲ್ಲಲಿಲ್ಲ. ಒಡವೆ ಆಗಲೇ ಗಿರವಿ ಅಂಗಡಿ ಸೇರಿದ ಮನೆಗೆ ಬ್ಯಾಂಕು ಸಾಲ ಕೊಡದು, ನೆಂಟರನ್ನು ಕೇಳಲು ಮುಖವಿಲ್ಲ. ಜಾಮೀನು ಬೇಡ, ನಿಮಿಷಗಳಲ್ಲಿ ಹಣ ಎಂಬ ಜಾಹೀರಾತು ನೇರವಾಗಿ ತಟ್ಟಿದ್ದು ಇಂಥ ಮನೆಗಳ ಬಾಗಿಲನ್ನೇ. 2021ರ ಮೊದಲೆರಡು ತಿಂಗಳಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡ ಸುಮಾರು 1,100 ಸಾಲದ ಆ್ಯಪ್‌ಗಳನ್ನು ಗುರುತಿಸಿತು. ಅವುಗಳಲ್ಲಿ 600 ಅಕ್ರಮ.

ಅವುಗಳ ಲೆಕ್ಕದ ಒಂದು ಮಾದರಿ ಹೀಗಿದೆ. 5,000 ರೂಪಾಯಿ ಮಂಜೂರಾದರೆ, ಶುಲ್ಕವೆಂದು 1,500 ಮುರಿದುಕೊಂಡು ಕೈಗೆ ಕೊಡುವುದು 3,500. ಏಳನೇ ದಿನ ಪೂರ್ತಿ 5,000 ಕಟ್ಟಬೇಕು. ಒಂದೇ ವಾರಕ್ಕೆ ನೂರಕ್ಕೆ ಸುಮಾರು 43ರ ಬಡ್ಡಿ! ಹಣ ಹೊಂದಿಸಲಾಗದಿದ್ದರೆ ಇನ್ನೊಂದು ಆ್ಯಪ್‌ನಿಂದ ಸಾಲ, ಅದನ್ನು ತೀರಿಸಲು ಮತ್ತೊಂದರಿಂದ. ಹೀಗೆ ಬಾಕಿ ಬೆಳೆಯುವುದನ್ನು ದುರಾಸೆಯ ಫಲ ಎನ್ನುವವರಿದ್ದಾರೆ. ಅದು ಅನ್ಯಾಯದ ಮಾತು. ಅಕ್ಕಿಗೂ ಔಷಧಿಗೂ ತಂದ ಹಣದಲ್ಲಿ ಆಸೆಗೆ ಜಾಗವೆಲ್ಲಿ?

ವಂಚಕರಿಗೆ ನಿಜವಾದ ಅಡಮಾನ ಸಾಲಗಾರನ ಮರ್ಯಾದೆ. ಆ್ಯಪ್ ಹಾಕಿಕೊಳ್ಳುವಾಗಲೇ ಫೋನಿನ ನಂಬರುಗಳು, ಫೋಟೋಗಳು ಅವರ ಕೈಸೇರುತ್ತವೆ. ಗಡುವು ಮೀರಿದರೆ ಭಾವನಿಗೆ, ಕೆಲಸದ ಯಜಮಾನನಿಗೆ, ಮಗಳ ಸ್ನೇಹಿತೆಯರಿಗೆ ‘ಇವರು ಕಳ್ಳರು’ ಎಂಬ ಸಂದೇಶ ಹೋಗುತ್ತದೆ. ಮುಖ ತಿದ್ದಿದ ಅಶ್ಲೀಲ ಚಿತ್ರವೂ ಹೋಗುತ್ತದೆ. ಹೆಂಡತಿಗೂ ಹೇಳದೆ ಸಾಲ ಮಾಡಿದವನು ಈ ಘಟ್ಟದಲ್ಲಿ ಒಂಟಿ. ಹಲವರು ಜೀವ ಕಳೆದುಕೊಂಡದ್ದು ಇಲ್ಲಿಯೇ.

ದೊಡ್ಡ ಸಾಲ ಕೊಡಿಸುತ್ತೇವೆಂದು ಮುಂಗಡ ‘ಪ್ರೊಸೆಸಿಂಗ್ ಫೀ’ ಕಟ್ಟಿಸಿಕೊಂಡು ಮಾಯವಾಗುವವರು ಇನ್ನೊಂದು ಬಗೆ.

2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದಿತು: ಸಾಲದ ಹಣ ನೋಂದಾಯಿತ ಸಂಸ್ಥೆಯ ಖಾತೆಯಿಂದಲೇ ಸಾಲಗಾರನ ಖಾತೆಗೆ ಬರಬೇಕು, ಪೂರ್ತಿ ವೆಚ್ಚವನ್ನು ಮೊದಲೇ ಬರೆದು ತಿಳಿಸಬೇಕು, ಆ್ಯಪ್ ಫೋನಿನ ನಂಬರುಗಳನ್ನು ಮುಟ್ಟಬಾರದು. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದು 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿತು. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರು ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿದರೆ, ವಂಚಕರ ಖಾತೆಯಿಂದ ಮುಂದೆ ಸಾಗುವ ಮುನ್ನ ಆ ಹಣವನ್ನು ತಡೆಹಿಡಿಯುವ ಅವಕಾಶವಿದೆ.