ಬಸವನ ಹುಳು ತಿನ್ನುವ ಮೀನು: ಕೊಳ್ಳುವ ಮುನ್ನ ಎರಡು ಪ್ರಶ್ನೆ

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಊರಿನಲ್ಲಿ ಹೊಳೆ, ಕೆರೆ ನೋಡಿ ಬೆಳೆದ ನಮಗೆ ಈ ಪಟ್ಟಣದ ಒಂದು ಖೋಲಿಯ ಬಿಡಾರದಲ್ಲಿ ಗಾಜಿನ ತೊಟ್ಟಿಯೊಂದಿದ್ದು, ಅದರಲ್ಲಿ ನಾಲ್ಕು ಮೀನು ಆಡುತ್ತಿದ್ದರೆ ಕಣ್ಣಿಗೆ ತಂಪು. ಮಕ್ಕಳಿಗೂ ಸಂತೋಷ. ಆದರೆ ತೊಟ್ಟಿ ಇಟ್ಟ ಕೆಲವು ತಿಂಗಳಿಗೆ ಗಾಜಿನ ತುಂಬ ಬಸವನ ಹುಳುಗಳು ಕಾಣಿಸಿಕೊಳ್ಳುತ್ತವೆ. ಆಗ ಅಂಗಡಿಗೆ ಹೋಗಿ, "ಇವನ್ನು ತಿನ್ನುವ ಮೀನು ಕೊಡಿ" ಎಂದು ಕೇಳುವುದು ವಾಡಿಕೆ. ಅಂಗಡಿಯವನು ಕೊಡುತ್ತಾನೆ, ಮಾರುವುದು ಅವನ ಕೆಲಸ. ಅದು ನಮ್ಮ ತೊಟ್ಟಿಗೆ ತಕ್ಕದ್ದೇ ಎಂದು ನೋಡಿಕೊಳ್ಳುವುದು ನಮ್ಮ ಕೆಲಸ.

ಮೊದಲು ಹುಳುವಿನ ವಿಚಾರ. ಇವು ಬಹುಮಟ್ಟಿಗೆ ನಾವು ತರುವ ನೀರುಗಿಡಗಳ ಜೊತೆಯಲ್ಲಿಯೇ ಬರುತ್ತವೆ. ಎಲೆಯ ಹಿಂಬದಿಯಲ್ಲಿ ಲೋಳೆಯಂಥ ಮುದ್ದೆ ಅಂಟಿರುತ್ತದೆ, ಅದೇ ಮೊಟ್ಟೆ. ಇನ್ನೊಂದು ಜಾತಿಯದು ಉದ್ದನೆಯ ಚೂಪು ಚಿಪ್ಪಿನದು. ಅದು ಹಗಲು ಮರಳಿನೊಳಗೆ ಅಡಗಿದ್ದು ರಾತ್ರಿ ಹೊರಬರುತ್ತದೆ, ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಇವುಗಳಲ್ಲಿ ಒಂದೇ ಒಂದು ಹುಳು ಬಂದರೂ ಸಂತಾನ ಬೆಳೆಯಲು ಸಾಕು. ಆದರೆ ನೂರಾಗಿ ಬೆಳೆಯಬೇಕಾದರೆ ಆಹಾರ ಬೇಕಷ್ಟೆ? ಅದನ್ನು ಕೊಡುವವರು ನಾವೇ. ಮೀನು ತಿಂದು ಉಳಿದ ಕಾಳು ತಳದಲ್ಲಿ ಕೂತು ಹುಳುಗಳ ಪಾಲಾಗುತ್ತದೆ. ಆದುದರಿಂದ ಹುಳು ಹೆಚ್ಚಿತೆಂದರೆ ಕಾಳು ಹೆಚ್ಚಾಯಿತೆಂದೇ ತಿಳಿಯಬೇಕು.

ಇನ್ನು ಮೀನಿನ ವಿಚಾರ. ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಒಂದು: ಈ ಮೀನು ಬೆಳೆದು ಎಷ್ಟು ದೊಡ್ಡದಾಗುತ್ತದೆ? ಎರಡು: ಹುಳು ಮುಗಿದ ಮರುದಿನ ಅದಕ್ಕೆ ಏನು ಹಾಕುವುದು?

ನಮ್ಮ ತೊಟ್ಟಿಯ ಲೆಕ್ಕವನ್ನೂ ಕೈಯಲ್ಲಿಟ್ಟುಕೊಳ್ಳೋಣ. ಒಂದು ಘನ ಅಡಿಗೆ ಸುಮಾರು 28 ಲೀಟರು ನೀರು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ತುಂಬಿದರೆ 56 ಲೀಟರು. ಅದರಲ್ಲಿ ಮರಳು, ಕಲ್ಲು ಕಳೆದರೆ ಇನ್ನೂ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಮೀನಿಗೂ ಸಲ್ಲುತ್ತದೆ.

ಅಂಗಡಿಯಲ್ಲಿ ಎಲ್ಲರ ಕಣ್ಣು ಸೆಳೆಯುವುದು ಕೌನ್ ಲೋಚ್ ಅಲ್ಲ, ಕ್ಲೌನ್ ಲೋಚ್ ಎಂದು ಹೆಸರು. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆ. ಇದು ಬೋರ್ನಿಯೊ, ಸುಮಾತ್ರ ದ್ವೀಪಗಳ ಹೊಳೆಯ ಮೀನು. ಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುವುದರಲ್ಲಿ ನಿಸ್ಸೀಮ. ಆದರೆ ಅಂಗಡಿಯಲ್ಲಿ ಎರಡು ಅಂಗುಲವಿದ್ದದ್ದು ಬೆಳೆದು ಒಂದಡಿಯ ಹತ್ತಿರಕ್ಕೆ ಬರುತ್ತದೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು, ಮೇಲಾಗಿ ಗುಂಪಿನಲ್ಲಿಯೇ ಇರಬೇಕು. ನಮ್ಮ ತೊಟ್ಟಿಗೆ ಇದು ಸಲ್ಲದು. ಉತ್ತರದ ನದಿಗಳ ಯೋಯೋ ಲೋಚ್ ಇದಕ್ಕಿಂತ ಚಿಕ್ಕದಾದರೂ ಅರ್ಧ ಅಡಿಯವರೆಗೆ ಬೆಳೆಯುತ್ತದೆ. ಅದಕ್ಕೂ ನಮ್ಮಲ್ಲಿ ಎಡೆಯಿಲ್ಲ.

"ತೊಟ್ಟಿ ತೊಳೆಯುವ ಮೀನು" ಎಂದು ಕೊಡುವ ಸಕ್ಕರ್ ಮೀನನ್ನಂತೂ ಈ ಕೆಲಸಕ್ಕೆ ತರಲೇಬಾರದು. ಅದು ಪಾಚಿ ಕೆರೆದು ತಿನ್ನುವ ಮೀನು, ಹುಳುವಿನ ಬೇಟೆಗಾರನಲ್ಲ. ಅದೂ ಒಂದಡಿ ಮೀರಿ ಬೆಳೆಯುತ್ತದೆ. ಸಾಕಲಾರದೆ ಜನ ಕೆರೆಗೆ ಬಿಟ್ಟದ್ದರಿಂದ ಈ ಪರದೇಶದ ಮೀನು ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ಹಬ್ಬಿ ಬೆಸ್ತರ ಬಲೆಗೂ ಅಲ್ಲಿಯ ಮೀನುಗಳಿಗೂ ಕಂಟಕವಾಗಿದೆ.

ಚಿಕ್ಕದು ಬೇಕೆಂದರೆ ಕೇರಳದ ಹೊಳೆಗಳ ಪೀ ಪಫರ್ ಇದೆ. ಬೆಳೆದರೂ ಒಂದು ಅಂಗುಲದ ಆಸುಪಾಸು. ಸಣ್ಣ ಹುಳು ಅದಕ್ಕೆ ಪ್ರೀತಿಯ ಊಟ. ಆದರೆ ಜಗಳಗಂಟ, ಗಪ್ಪಿಯಂಥ ಸಾಧು ಮೀನುಗಳ ಬಾಲ, ರೆಕ್ಕೆ ಕಚ್ಚಿ ಹರಿಯುತ್ತದೆ. ಒಣ ಕಾಳನ್ನು ಸಾಮಾನ್ಯವಾಗಿ ಮೂಸುವುದೂ ಇಲ್ಲ. ಹುಳು ಮುಗಿದ ಮೇಲೆ ಅದಕ್ಕೆ ನಿತ್ಯವೂ ಜೀವಂತ ಇಲ್ಲವೆ ಹಿಮಗಟ್ಟಿಸಿದ ಹುಳುಗಳನ್ನು ಒದಗಿಸಬೇಕು. ಅದಕ್ಕೇ ಒಂದು ತೊಟ್ಟಿ ಮೀಸಲಿಡಬಲ್ಲವರಿಗೆ ಮಾತ್ರ ಇದು ತಕ್ಕದ್ದು.

ಉಳಿದದ್ದು ಜೀಬ್ರಾ ಲೋಚ್. ಮೈತುಂಬ ಸಣ್ಣ ಪಟ್ಟೆ, ಮೂರು ಅಂಗುಲದ ಸೌಮ್ಯ ಮೀನು. ಹುಳು ತಿನ್ನುತ್ತದೆ, ಅದು ಮುಗಿದರೆ ತಳಕ್ಕಿಳಿದ ಕಾಳನ್ನೂ ತಿನ್ನುತ್ತದೆ. ಐದಾರರ ಗುಂಪು, ಮೂರಡಿಯ ತೊಟ್ಟಿ ಇದ್ದರೆ ಸುಖವಾಗಿರುತ್ತದೆ. ಈ ಮೀನು ಎಲ್ಲಿಯದೆಂದು ಬಲ್ಲಿರಾ? ನಮ್ಮ ತುಂಗೆಯದು! ತೀರ್ಥಹಳ್ಳಿಯ ಬಳಿ ಸಿಕ್ಕ ಇದನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಹೊಸ ಜಾತಿಯೆಂದು ವರ್ಣಿಸಿ ಲೋಕಕ್ಕೆ ತಿಳಿಸಿದರು. ಕೃಷ್ಣೆಗೆ ಸೇರುವ ಪಶ್ಚಿಮ ಘಟ್ಟದ ಹೊಳೆಗಳಲ್ಲಿಯೇ ಇದರ ವಾಸ. ಇಂದು ಇದು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. ಪೀ ಪಫರಿನ ಹೆಸರೂ ಆ ಪಟ್ಟಿಯ ಅಪಾಯದ ವರ್ಗದಲ್ಲಿದೆ. ಹೊಳೆಯ ನೀರು ಕೆಡುವುದು ಒಂದು ಕಾರಣ, ಅಲಂಕಾರಕ್ಕೆಂದು ಹಿಡಿದು ಮಾರುವುದು ಇನ್ನೊಂದು. ನಾಲ್ಕು ಹುಳುವಿನ ಸಲುವಾಗಿ ನಮ್ಮ ಹೊಳೆಯನ್ನೇ ಬರಿದು ಮಾಡುವುದು, ಇಲಿ ಇದೆಯೆಂದು ಮನೆಗೆ ಬೆಂಕಿ ಇಟ್ಟ ಹಾಗಾಗುತ್ತದೆ. ಕೊಳ್ಳಲೇಬೇಕಾದರೆ, ಸಾಕಿ ಮರಿಮಾಡಿಸಿದ್ದೋ ಹೊಳೆಯಿಂದ ಹಿಡಿದದ್ದೋ ಎಂದು ಕೇಳಿ ಕೊಳ್ಳೋಣ.

ಹಾಗಾದರೆ ಒಂದೂವರೆ ಅಡಿ, ಎರಡಡಿ ತೊಟ್ಟಿಯಲ್ಲಿ ಗಪ್ಪಿ ಸಾಕಿದವರು ಏನು ಮಾಡಬೇಕು? ಹೊಸ ಮೀನು ಬೇಡ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಕಾಳು ಹಾಕಿರಿ. ರಾತ್ರಿ ಸೌತೆಕಾಯಿಯ ಒಂದು ಹೋಳನ್ನು ತಳದಲ್ಲಿಟ್ಟು, ಬೆಳಿಗ್ಗೆ ಅದಕ್ಕೆ ಮುತ್ತಿದ ಹುಳುಗಳ ಸಮೇತ ತೆಗೆಯಿರಿ. ಒಂದು ವಾರ, ಹದಿನೈದು ದಿನ ಬಿಡದೆ ಮಾಡಿದರೆ ಗುಣ ಕಾಣುತ್ತದೆ. ಮೆದು ಚಿಪ್ಪಿನ ಸಣ್ಣ ಹುಳುವನ್ನು ಜಜ್ಜಿ ಹಾಕಿದರೆ ಗಪ್ಪಿಯೇ ತಿನ್ನುತ್ತದೆ. ಹುಳು ಕೊಲ್ಲುವ ಔಷಧಿ ಮಾತ್ರ ಬೇಡ. ನೂರಾರು ಹುಳು ಒಮ್ಮೆಗೇ ಸತ್ತು ಕೊಳೆತರೆ ನೀರು ಕೆಟ್ಟು ಮೀನೂ ಸಾಯುತ್ತದೆ. ಹತ್ತಾರು ಹುಳು ಉಳಿದರೆ ಉಳಿಯಲಿ, ಪಾಚಿಯನ್ನೂ ಎಂಜಲನ್ನೂ ತಿಂದು ತೊಟ್ಟಿಗೆ ಉಪಕಾರವನ್ನೇ ಮಾಡುತ್ತವೆ.

ಜೀವವೊಂದನ್ನು ಮನೆಗೆ ತಂದರೆ ಅದರ ಕೆಲಸ ಮುಗಿದ ಮೇಲೂ ಅದರ ಹೊಟ್ಟೆಯ ಹೊಣೆ ನಮ್ಮದು. ಆ ಹೊಣೆ ಹೊರಲಾರದಿದ್ದರೆ ತಾರದಿರುವುದೇ ಲೇಸು.