ಅತಿಥಿಯ ಸೀರೆ

ಆಷಾಢವು ಕಳೆದು ಶ್ರಾವಣವು ಕಾಲಿಡುತ್ತಲೇ ಅರಿಶಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆಗಳು ಮನೆಮನೆಗೂ ಬರತೊಡಗುತ್ತವೆ. ಮುಹೂರ್ತವಾವುದು, ಛತ್ರವೆಲ್ಲಿ ಎಂದು ವಿಚಾರಿಸಿ ಮುಗಿಯುವುದರೊಳಗಾಗಿ ‘ಏನು ಉಟ್ಟುಕೊಂಡು ಹೋಗುವುದು?’ ಎಂಬ ಮತ್ತೊಂದು ಪ್ರಶ್ನೆಯೂ ಏಳುತ್ತದೆ. ಇದು ಹೆಂಗಸರ ಕ್ಷುಲ್ಲಕ ಚಿಂತೆಯೆಂದು ನಗುವವರುಂಟು. ಪಂಚೆ ಶಲ್ಯಗಳಲ್ಲಿ ಕ್ಷಣಮಾತ್ರಕ್ಕೆ ಸಿದ್ಧರಾಗಿ ಬಾಗಿಲ ಬಳಿ ಗಡಿಯಾರ ನೋಡುತ್ತ ನಿಲ್ಲುವ ಗಂಡಸರಿಗೆ ಆ ನಗೆ ಸುಲಭವೇ ಸರಿ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಳೆಯ ಗಾದೆ. ಆದರೆ ಉಡುಗೆಯ ವಿಷಯದಲ್ಲಿ ಯಾರ ಇಚ್ಛೆಗೆ ಮನ್ನಣೆ ಕೊಡತಕ್ಕುದು ಎಂಬುದನ್ನು ಗಾದೆ ನಮ್ಮ ವಿವೇಚನೆಗೇ ಬಿಟ್ಟಿದೆ. ಮದುವೆಯ ಮನೆಯಲ್ಲಿ ಆ ಗೌರವವು ಮೊದಲು ಸಲ್ಲಬೇಕಾದುದು ಕರೆದವರಿಗೆ. ಹಳೆಯ ಮೈಸೂರು ಸೀಮೆಯ ಅನೇಕ ಮನೆತನಗಳಲ್ಲಿ ಧಾರೆಯ ಹೊತ್ತಿಗೆ ವಧುವು ಬಿಳಿಯ ಒಡಲಿನ, ಕೆಂಪಂಚಿನ ಧಾರೆಸೀರೆಯನ್ನು ಉಡುವಳಾದುದರಿಂದ, ಅತಿಥಿಯಾಗಿ ಹೋದವಳು ಅಂದು ಆ ಬಣ್ಣವನ್ನು ಅವಳಿಗೇ ಬಿಟ್ಟುಕೊಡುವುದು ಸೌಜನ್ಯ. ಹೋಮಕುಂಡದ ಸಮೀಪದಲ್ಲಿ ಕೂರತಕ್ಕವರು, ಆರತಿ ಎತ್ತತಕ್ಕವರು ಇನ್ನೊಂದನ್ನೂ ನೆನೆಯಬೇಕು: ಕಿಡಿ ತಾಗಿದರೆ ರೇಷ್ಮೆಯು ನಿಧಾನವಾಗಿ ಕಮರುತ್ತದೆ, ಕೃತಕ ನೂಲಿನ ಸೀರೆಯಾದರೋ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅಗ್ನಿಸಾಕ್ಷಿಯಾಗಿ ನಡೆಯುವ ಕಾರ್ಯಕ್ಕೆ ಹಿರಿಯರು ರೇಷ್ಮೆಯನ್ನು ವಿಧಿಸಿದ್ದು ಮಡಿಯ ದೃಷ್ಟಿಯಿಂದಲಾದರೂ ಅದರಲ್ಲಿ ಕ್ಷೇಮವೂ ಸೇರಿಕೊಂಡಿತು.

ಇಷ್ಟನ್ನು ಪಾಲಿಸುವುದು ಕಷ್ಟವಲ್ಲ. ಕಷ್ಟವಾಗಿರುವುದು ಮತ್ತೊಂದು ಇಚ್ಛೆಯ ಕಾಟ. ಪಂಕ್ತಿಯಲ್ಲಿ ಕುಳಿತಾಗ ಮಗ್ಗುಲಿನಿಂದ ‘ಇದನ್ನು ಹೋದ ಮದುವೆಯಲ್ಲೇ ಉಟ್ಟಿದ್ದಿರಲ್ಲವೆ?’ ಎಂದು ಮೃದುವಾಗಿಯೇ ಕೇಳುವ ಆ ಧ್ವನಿಯನ್ನು ಕೇಳದವರು ವಿರಳ. ಒಂದು ಕಾಲದಲ್ಲಿ ಆ ಲೆಕ್ಕವು ನಾಲ್ಕಾರು ಮಂದಿಯ ಸ್ಮರಣೆಯಲ್ಲಿದ್ದು ಮಾಸಿಹೋಗುತ್ತಿತ್ತು. ಈಗ ಪ್ರತಿ ಮದುವೆಯ ಚಿತ್ರಗಳೂ ಎಲ್ಲರ ಮೊಬೈಲುಗಳಲ್ಲಿ ಶಾಶ್ವತವಾಗಿ ಉಳಿಯುವುದರಿಂದ, ಒಮ್ಮೆ ಉಟ್ಟ ಪಟ್ಟೆಸೀರೆಯು ಮುಗಿದುಹೋದುದೆಂಬ ಭಾವನೆ ಬೇರೂರಿಬಿಟ್ಟಿದೆ.

ಆ ಸೀರೆಗಳಾದರೂ ಒಂದು ದಿನಕ್ಕೆಂದು ಹುಟ್ಟಿದವುಗಳೆ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ಆರಂಭಿಸಿದ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಸೀರೆಗಳನ್ನು ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಉಟ್ಟ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಇನ್ನು ಇಳಕಲ್ಲಿನ ನೇಕಾರನ ಶ್ರಮವನ್ನು ನೋಡಬೇಕು. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆಯ ಹಾಸಿನ ಎಳೆಗಳನ್ನೂ ಕೊಂಡಿಗೆ ಕೊಂಡಿ ಹಾಕಿ ಕೂಡಿಸಿದಲ್ಲದೆ ಅಲ್ಲಿಯ ಟೋಪ್ ತೆನಿ ಸೆರಗು ಸಿದ್ಧಿಸದು. ಆದಕಾರಣ ಅಂತಹ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಹೂಡಬೇಕಾಗುತ್ತದೆ. ಕೆಂಪು ಸೆರಗಿನ ಮೇಲೆ ಬೆಳ್ಳಗೆ ಮೂಡುವ ಕೋಟೆಯ ತೆನೆಗಳೂ, ಜೋಳದ ತೆನೆಗಳೂ, ಒಡಲ ಮೇಲೆ ಧಾರವಾಡದ ಸೀಮೆಯ ಸ್ತ್ರೀಯರು ನೂಲನ್ನು ಎಣಿಸಿ ಎಣಿಸಿ ಹಾಕುವ ಕಸೂತಿಯ ಗೋಪುರ, ತೇರು, ಆನೆಗಳೂ ಒಂದು ಅಪರಾಹ್ಣದ ಊಟಕ್ಕಾಗಿ ಮೈದಾಳಿದವೆಂದರೆ ಆ ಕೈಗಳಿಗೆ ಅದಕ್ಕಿಂತ ಹೆಚ್ಚಿನ ಅವಮಾನವಿಲ್ಲ.

ಅವಮಾನಕ್ಕಿಂತ ಘೋರವಾದುದು ಇನ್ನೊಂದುಂಟು. ‘ಮಕ್ಕಳಿಗೆ ಪರೀಕ್ಷೆ’ ಎಂದೋ, ‘ಮೈಯಲ್ಲಿ ಹುಷಾರಿಲ್ಲ’ ಎಂದೋ ಹೇಳಿಕಳುಹಿಸಿ ಮದುವೆಗೆ ಬಾರದೆ ಉಳಿಯುವ ಬಡ ಸೋದರತ್ತೆಯ, ಚಿಕ್ಕಮ್ಮನ ನಿಜವಾದ ಅಡಚಣೆಯು ಎಷ್ಟೋ ಸಲ ಉಡಲು ತಕ್ಕ ಸೀರೆಯಿಲ್ಲದಿರುವುದೇ ಆಗಿರುತ್ತದೆ. ಅಕ್ಕತಂಗಿಯರು ಒಬ್ಬರ ಸೀರೆಯನ್ನೊಬ್ಬರು ಕೇಳಿ ಪಡೆದು ಉಡುತ್ತಿದ್ದ ಸಲಿಗೆ ಇದ್ದಾಗ ಈ ಸಂಕಟವು ಇಷ್ಟು ತೀಕ್ಷ್ಣವಾಗಿರಲಿಲ್ಲ. ಉಳ್ಳವರು ತಮ್ಮ ಹಳೆಯ ಸೀರೆಯನ್ನೇ ನಿಸ್ಸಂಕೋಚವಾಗಿ ಉಟ್ಟು ಬಂದರೆ, ಇಲ್ಲದವಳು ಬರಲು ಧೈರ್ಯಗೊಳ್ಳುವಳು. ಛತ್ರದಲ್ಲಿ ಬಂಧುಗಳ ಸಂಖ್ಯೆ ಹೆಚ್ಚುವುದು. ಕರೆದವರ ಇಚ್ಛೆಯಾದರೂ ಅದೇ ಅಲ್ಲವೆ?

ಆದ್ದರಿಂದ ಮುಂದಿನ ಲಗ್ನಪತ್ರಿಕೆ ಕೈಸೇರಿದಾಗ, ಅಂಗಡಿಯ ದಾರಿ ಹಿಡಿಯುವುದಕ್ಕೆ ಮುನ್ನ ಬೀರುವಿನ ತಳದಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿರುವ ಆ ಸೀರೆಯನ್ನು ಒಮ್ಮೆ ಹೊರತೆಗೆಯಿರಿ. ಅದೇ ಮಡಿಕೆಯಲ್ಲಿ ಬಹುಕಾಲ ಬಿಟ್ಟರೆ ಜರಿಯು ಮುರಿಯುತ್ತದೆ. ಬಿಡಿಸಿ, ನೆರಳಿನ ಗಾಳಿಗೆ ಹರವಿ, ಮಡಿಕೆ ಬದಲಾಯಿಸಿ. ರವಿಕೆಯು ಬಿಗಿಯಾಗಿದ್ದರೆ ಹೊಲಿಗೆ ಬಿಚ್ಚಿಸಲು ಇಂದೇ ಕಳುಹಿಸಿಬಿಡಿ. ಲಗ್ನದ ದಿನಗಳಲ್ಲಿ ದರ್ಜಿಯು ಹೇಳಿದ ಹೊತ್ತಿಗೆ ಕೊಡುವುದಿಲ್ಲ.