ತೊಟ್ಟು ಮರಳಿಸುವ ಬಟ್ಟೆ

(ಜುಮಾ ಖುತ್ಬಾದ ಸಾರಾಂಶ)



ಮೊದಲೆಲ್ಲ ಹಬ್ಬದ ಬಟ್ಟೆಗೆ ಮುಂಡರಗಿ, ಶಿರಹಟ್ಟಿಯಿಂದ ಗದಗಿಗೆ ಬಸ್ಸು ಹತ್ತುತ್ತಿದ್ದೆವು. ರಮಝಾನ್ ಅರ್ಧ ಕಳೆದ ಮೇಲೆ ಹೋದರೆ ಟೇಲರ್ ಅಳತೆ ತಗೊಳ್ಳುತ್ತಲೇ ಇರಲಿಲ್ಲ. ಈಗ ತರಾವೀಹ್ ಮುಗಿಸಿ ಬಂದು ಹಾಸಿಗೆಯಲ್ಲೇ ಮೊಬೈಲ್ ಒತ್ತುತ್ತೇವೆ, ಪಾರ್ಸಲ್ ಲಕ್ಷ್ಮೇಶ್ವರದ ಓಣಿಗೇ ಬರುತ್ತದೆ. ಅನುಕೂಲವೇ, ಅಲ್ಲವೆನ್ನುವುದಿಲ್ಲ.

ಚೆಂದ ಉಡುವುದನ್ನೂ ಇಸ್ಲಾಮ್ ತಡೆದಿಲ್ಲ. ಆರಾಧನೆಯ ವೇಳೆ ಅಲಂಕರಿಸಿಕೊಳ್ಳಬೇಕೆಂದು ಅಲ್‌ಅಅ್‌ರಾಫ್ ಅಧ್ಯಾಯದ 31ನೇ ವಚನವೇ ಆದೇಶಿಸುತ್ತದೆ. ದುಂದುವೆಚ್ಚದ ಎಚ್ಚರಿಕೆಯೂ ಅದೇ ವಚನದಲ್ಲಿದೆ. ಆದರೆ ಇನ್‌ಸ್ಟಾಗ್ರಾಂನಲ್ಲಿ ಒಂದು ಉಡುಪನ್ನು ತುಸು ಹೊತ್ತು ನೋಡಿದರೆ ಸಾಕು, ಅಂಥವೇ ಹತ್ತು ಮುಂದೆ ಬರುತ್ತವೆ. ಬೇಕಾಗಿದ್ದು ಯಾವುದು, ತೋರಿಸಿದ್ದಕ್ಕೆ ಬೇಕೆನಿಸಿದ್ದು ಯಾವುದು ಎಂಬುದೇ ಮರೆತುಹೋಗುತ್ತದೆ. ನೇಕಾರರ ಬೆಟಗೇರಿಯಲ್ಲಿ ಕುಳಿತು ನಾವು ದಿಲ್ಲಿಯವರು ತೊಟ್ಟಿದ್ದನ್ನೇ ಹುಡುಕುತ್ತೇವೆ! ಕೈಯಲ್ಲಿ ಹಣವಿಲ್ಲದವರಿಗೆ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬ ಸಾಲವೂ ಅಲ್ಲೇ ಇದೆ. ಕಂತು ತಪ್ಪಿದರೆ ಬಡ್ಡಿ. ಅದು ಹರಾಮ್ ಎಂಬುದನ್ನು ಮತ್ತೆ ವಿವರಿಸಬೇಕಿಲ್ಲ.

ಇಂದು ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಬೆಲೆಚೀಟಿಯನ್ನು ಒಳಗೆ ಮಡಚಿ, ಈದ್ ದಿನ ತೊಟ್ಟು, ಫೋಟೊ ತೆಗೆಸಿಕೊಂಡು, ಮರುದಿನ ‘ಅಳತೆ ಸರಿಯಿಲ್ಲ’ ಎಂದು ಬರೆದು ವಾಪಸ್ ಕಳಿಸುವುದು ನಮ್ಮ ಮನೆಗಳಿಗೂ ಬಂದಿದೆ. ಅದನ್ನು ಜಾಣತನವೆಂದು ನಗುತ್ತ ಹೇಳಿಕೊಳ್ಳುತ್ತೇವೆ. ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ಹತ್ತಿತು. ಮಳೆಗೆ ನೆನೆಯಿತೆಂದ ವ್ಯಾಪಾರಿಗೆ, ನೆನೆದದ್ದನ್ನು ಜನ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲ ಎಂದರು (ಸಹೀಹ್ ಮುಸ್ಲಿಮ್). ಅಲ್ಲಿ ಮಾರುವವನು ಮುಚ್ಚಿಟ್ಟಿದ್ದ, ಇಲ್ಲಿ ಕೊಳ್ಳುವವರು ಮುಚ್ಚಿಡುತ್ತಿದ್ದೇವೆ. ಬೆವರು, ಅತ್ತರಿನ ವಾಸನೆ ಹತ್ತಿದ ಆ ಬಟ್ಟೆಯನ್ನು ಹೊಸದೆಂದು ಯಾರು ಕೊಳ್ಳಬೇಕು? ಆ್ಯಪ್ ದೊಡ್ಡ ಕಂಪನಿಯದಿರಬಹುದು, ಅದರಲ್ಲಿ ಮಾರುವವರು ಅನೇಕರು ನಮ್ಮಂಥ ಸಣ್ಣ ವ್ಯಾಪಾರಿಗಳೇ.

ಮರಳಿಸುವುದೇ ತಪ್ಪೆಂದು ತಿಳಿಯಬೇಡಿ. ಕೊಂಡು ಪರಿತಪಿಸಿದವನಿಂದ ಸರಕನ್ನು ವಾಪಸ್ ಪಡೆಯುವ ವ್ಯಾಪಾರಿಯ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಅಳತೆ ನಿಜಕ್ಕೂ ಸರಿಹೋಗದಿದ್ದರೆ ಧಾರಾಳವಾಗಿ ಮರಳಿಸಿ. ಸುಳ್ಳು ಕಾರಣ ಬರೆಯಬೇಡಿ, ಅಷ್ಟೇ.

ಈಗಾಗಲೇ ಹಾಗೆ ಮಾಡಿದವರು ಏನು ಮಾಡಬೇಕು? ಇದು ಇನ್ನೊಬ್ಬರ ಹಕ್ಕು, ತೌಬಾ ಮಾತ್ರ ಸಾಲದು. ಮಾರಿದವರ ಹೆಸರು ಆರ್ಡರಿನಲ್ಲಿರುತ್ತದೆ. ಅವರನ್ನು ಸಂಪರ್ಕಿಸಿ ನಷ್ಟ ತುಂಬಿಕೊಡಿ. ಎಷ್ಟು ಯತ್ನಿಸಿದರೂ ಸಿಗದಿದ್ದರೆ ಅಷ್ಟು ಮೊತ್ತವನ್ನು ಅವರ ಪರವಾಗಿ ಬಡವರಿಗೆ ಸದಕಾ ಕೊಡಿ.